ಮನೆ ಮಾತು ಹೊಸ್ತಿಲು ದಾಟಬಾರದೇ?

ಹೂವಿನಹಡಗಲಿ ಸೀಮೆಯಲ್ಲಿ ಒಂದು ಮನೆ ಕಷ್ಟಕ್ಕೆ ಸಿಕ್ಕಿತೆಂದರೆ ಕಟ್ಟೆಯ ಮೇಲೆ ಕೂತವರು ತೀರ್ಪು ಕೊಡಲು ತಡ ಮಾಡುವುದಿಲ್ಲ. "ಸಾಲ ಮಾಡ್ಕೊಂಡ, ಒಂದೇ ಏಟಿಗೆ ಮಕಾಡೆ ಬಿದ್ದ." ಎಲ್ಲ ತಪ್ಪು ಕಲ್ಪನೆಗಳಿಗೂ ಈ ಮಾತೇ ತಾಯಿಬೇರು.

ಮನೆ ಒಂದೇ ಏಟಿಗೆ ಬೀಳುವುದಿಲ್ಲ. ಹಿರೇಹಡಗಲಿಯ ಸುತ್ತ ಮಳೆ ನಂಬಿದ ಹೊಲಗಳಲ್ಲಿ ಆಗುವುದನ್ನೇ ನೋಡಿ. ಮೆಕ್ಕೆಜೋಳ ಸೂಲಂಗಿ ಬಿಡುವ ಹೊತ್ತಿಗೆ ಮಳೆ ಕೈಕೊಡುತ್ತದೆ. ಬೀಜ, ಗೊಬ್ಬರದ ಅಂಗಡಿಯ ಉದ್ರಿ ಹಾಗೇ ನಿಲ್ಲುತ್ತದೆ. ಅದನ್ನು ತೀರಿಸಲು ಹೆಂಡತಿ ಸಂಘದಲ್ಲಿ ಸಾಲ ಎತ್ತುತ್ತಾಳೆ. ವಾರದ ಕಂತಿಗೆ ಕಿವಿಯೋಲೆ ಅಡವಿಗೆ ಹೋಗುತ್ತದೆ. ಮಗ ಪಿಯುಸಿ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಅಜ್ಜಿ ಬಿಪಿ ಗುಳಿಗೆಯನ್ನು ದಿನ ಬಿಟ್ಟು ದಿನ ನುಂಗತೊಡಗುತ್ತಾಳೆ. ಮೊದಲ ಪೆಟ್ಟು ಮಾತ್ರ ಮಳೆಯದು. ಉಳಿದವೆಲ್ಲ ಅದನ್ನು ತಡೆದುಕೊಳ್ಳಲು ಮನೆಯವರೇ ಹೂಡಿದ ಉಪಾಯಗಳು, ಅವೇ ಹೊಸ ಪೆಟ್ಟುಗಳಾದವು.

ಎರಡನೇ ಮಹಾಯುದ್ಧಕ್ಕೆ ಗಂಡಸರನ್ನು ಕಳಿಸಿದ ಅಮೆರಿಕದ ಮನೆಗಳನ್ನು ಅಭ್ಯಾಸ ಮಾಡಿದ ರೂಬೆನ್ ಹಿಲ್ ಎಂಬ ಸಮಾಜಶಾಸ್ತ್ರಜ್ಞ 1949ರಲ್ಲಿ ಒಂದು ಲೆಕ್ಕ ಮುಂದಿಟ್ಟ. ಪೆಟ್ಟು ಎಷ್ಟು ದೊಡ್ಡದು ಎಂಬುದೊಂದೇ ಸಾಲದು. ಮನೆಯ ಕೈಲಿ ಏನೇನು ಆಸರೆ ಇದೆ, ಆ ಪೆಟ್ಟನ್ನು ಮನೆಯವರು ಏನೆಂದು ತಿಳಿದರು, ಇವು ಮೂರೂ ಕೂಡಿಯೇ ಮನೆ ನಿಲ್ಲುತ್ತದೋ ಮುರಿಯುತ್ತದೋ ಗೊತ್ತಾಗುವುದು. ಪೆಟ್ಟಿನ ಮೇಲೆ ಪೆಟ್ಟು ಕೂಡಿಕೊಳ್ಳುವುದನ್ನು ಆಮೇಲೆ, 1980ರ ದಶಕದಲ್ಲಿ, ಮೆಕ್‌ಕಬಿನ್ ಮತ್ತು ಪ್ಯಾಟರ್ಸನ್ ಸೇರಿಸಿದರು.

ನಮ್ಮ ಕಡೆ ಎಡವಟ್ಟಾಗುವುದು ಮೂರನೆಯದರಲ್ಲಿ. "ಮಳೆ ಹೋಯ್ತು" ಎನ್ನುವ ಮನೆಗೂ "ನನ್ನ ಕೈಲಿ ಏನೂ ಆಗ್ಲಿಲ್ಲ" ಎನ್ನುವ ಮನೆಗೂ ಅಜಗಜಾಂತರ. ಹಾಗಾಗಿ ಓದಿದವರ ಒಂದು ತಪ್ಪನ್ನೂ ಇಲ್ಲೇ ಹೇಳಬೇಕು. ಮೈಲಾರಕ್ಕೆ ಹೋಗುವುದೆಲ್ಲ ಮೌಢ್ಯ, ಬಿಡಿಸಿದರೆ ಮನೆ ಉದ್ಧಾರವಾಗುತ್ತದೆ ಎನ್ನುತ್ತಾರೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿದ ಮೇಲೆ ರೈತರು ಅದರಲ್ಲಿ ವರ್ಷದ ಮಳೆ-ಬೆಳೆ ಹುಡುಕುತ್ತಾರೆ. ನುಡಿ ನಿಜವಾಗುತ್ತದೋ ಇಲ್ಲವೋ, ಕೆಟ್ಟ ವರ್ಷ ಅಲ್ಲಿ ಎಲ್ಲರದೂ ಆಗುತ್ತದೆ, ಒಬ್ಬನ ಕೈಲಾಗದತನ ಆಗುವುದಿಲ್ಲ. ಇದು ಸಣ್ಣ ಆಸರೆಯಲ್ಲ. ದೇವರ ಹೆಸರಲ್ಲಿ ಗುಳಿಗೆ ನಿಲ್ಲಿಸಿದರೆ ಮಾತ್ರ ಕೆಡುಕು.

"ಮನಿ ಮಾತು ಹೊಸ್ತಿಲ ದಾಟಬಾರದು" ಎನ್ನುವುದು ಎಲ್ಲಕ್ಕಿಂತ ದುಬಾರಿ ನಂಬಿಕೆ. ಗಂಡ ಉದ್ರಿಯ ಮೊತ್ತ ಹೇಳುವುದಿಲ್ಲ, ಹೆಂಡತಿ ಓಲೆಯ ವಿಷಯ ಮುಚ್ಚಿಡುತ್ತಾಳೆ, ಮಗ ಊಟ ಬಿಟ್ಟದ್ದನ್ನು ಫೋನಿನಲ್ಲಿ ಹೇಳುವುದಿಲ್ಲ. ಗುಟ್ಟು ಊರಿಗಷ್ಟೇ ಅಲ್ಲ, ಒಂದೇ ಸೂರಿನಡಿ ಇರುವವರಿಗೂ ಗುಟ್ಟೇ. ಮರ್ಯಾದೆಯೇನೋ ಉಳಿಯುತ್ತದೆ, ಆಸರೆಯೊಂದೂ ಒಳಗೆ ಬರುವುದಿಲ್ಲ. ಕಂತಿನವರು ಬಾಗಿಲಲ್ಲಿ ಕೂತು ಬೈದರೂ ತಲೆ ತಗ್ಗಿಸುತ್ತಾರೆ. ಬಲವಂತದ ವಸೂಲಿ ತಡೆಯಲು ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಹೊಸ್ತಿಲು ದಾಟದ ಮಾತು ಠಾಣೆ ಮುಟ್ಟುವುದೆಲ್ಲಿಂದ?

ಮಕ್ಕಳಿಗೆ ತಿಳಿಯುವುದಿಲ್ಲ ಎಂಬುದೂ ಸುಳ್ಳು. ಕಾರಣ ತಿಳಿಯದಿದ್ದರೂ ಮನೆಯ ಬಿಗುವು ತಿಳಿಯುತ್ತದೆ. ಹೇಳದೆ ಬಿಟ್ಟರೆ ತನ್ನಿಂದಲೇ ಹೀಗಾಯಿತೆಂದು ಮಗು ಅಂದುಕೊಳ್ಳುವುದುಂಟು.

"ತಲಿ ಕೆಟ್ರ ಧಾರವಾಡ, ಇಲ್ಲಂದ್ರ ಬೆಂಗಳೂರು." ಈ ಮಾತನ್ನು ಈ ಸೀಮೆಯವರೇ ಆಡುವುದು ವಿಚಿತ್ರ. ಅದು ಸುಳ್ಳೆಂದು ಮಾಡಿ ತೋರಿಸಿದ್ದೇ ಇಲ್ಲಿ. 1985ರಿಂದ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗ ಮತ್ತು ಮೂರ್ಛೆರೋಗದ ಔಷಧಿ ಹಳ್ಳಿ ಹತ್ತಿರವೇ ಸಿಗುವಂತೆ ಮಾಡಿತು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಆಗ ಬಳ್ಳಾರಿಗೇ ಸೇರಿದ್ದವು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. 'ಬಳ್ಳಾರಿ ಮಾದರಿ' ಎಂದು ಹೆಸರಾದ ಈ ಪ್ರಯೋಗದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶವೇ ಇಲ್ಲಿಂದ ಕಲಿಯಿತು, ಇಲ್ಲಿಯವರಿಗೇ ಮರೆತಿದೆ. ನಿದ್ದೆ ಬಾರದ, ಊಟ ಸೇರದ, ಯಾರೊಂದಿಗೂ ಮಾತಾಡದ ಮನುಷ್ಯನನ್ನು ಮೊದಲು ತೋರಿಸಬೇಕಾದದ್ದು ಹತ್ತಿರದ ಸರ್ಕಾರಿ ದವಾಖಾನೆಯಲ್ಲೇ.

ಕೊನೆಯದು, ಬಾಯಿಬಿಡಲು ಎಲ್ಲರೂ ಹೆದರುವುದು. "ಸಾಯೋ ಯೋಚ್ನಿ ಬಂದೈತೇನು ಅಂತ ಕೇಳಿದ್ರ ಇಲ್ಲದ್ದನ್ನ ತಲ್ಯಾಗ ಹಾಕಿದಂಗಾಗ್ತದ." ಹಾಗಾಗುವುದಿಲ್ಲ. ಪ್ರೀತಿಯಿಂದ, ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಕುದಿಯುತ್ತಿದ್ದವನಿಗೆ ಎಷ್ಟೋ ಸಲ ಎದೆ ಹಗುರಾಗುತ್ತದೆ. ಪೊಲೀಸು, ಕೇಸು ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ತಡ ಮಾಡುವುದೂ ಉಂಟು. ಆಸ್ಪತ್ರೆಯವರು ಠಾಣೆಗೆ ತಿಳಿಸಬಹುದು, ನಿಜ. ಆದರೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಭಾವಿಸುತ್ತದೆ. ಅವರಿಗೆ ಶಿಕ್ಷೆಯಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಳೆಯ ದಂಡಸಂಹಿತೆಯ 309ನೇ ಕಲಮು 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಕಷ್ಟದಲ್ಲಿರುವವರೇ ಫೋನು ಮಾಡಬೇಕೆಂದಿಲ್ಲ, ಅವರ ಬಗ್ಗೆ ಚಿಂತೆ ಹತ್ತಿದ ಹೆಂಡತಿ, ತಮ್ಮ, ಪಕ್ಕದ ಹೊಲದವ, ಯಾರು ಮಾಡಿದರೂ ಆದೀತು.