ಅಳಿಸಿದರೂ ಉಳಿದ ಗೋಡೆ

ಚನ್ನಪಟ್ಟಣದ ನಮ್ಮ ಮನೆಯಿಂದ ಮೈಸೂರು ರಸ್ತೆಯಲ್ಲಿ ಸುಮಾರು 65 ಕಿ.ಮೀ. ಸಾಗಿದರೆ ಶ್ರೀರಂಗಪಟ್ಟಣ. ರಜೆಯಲ್ಲೊಮ್ಮೆ ಮಕ್ಕಳೊಂದಿಗೆ ಅಲ್ಲಿನ ದರಿಯಾ ದೌಲತ್ ನೋಡಲು ಹೋಗಿದ್ದೆವು. 1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ಬೇಸಿಗೆ ಅರಮನೆಯಿದು. ಪಡುವಣ ಹೊರಗೋಡೆಯ ತುಂಬ ಬಣ್ಣದ ಚಿತ್ರಗಳು. 1780ರ ಪೊಳ್ಳಿಲೂರು ಯುದ್ಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬ್ರಿಟಿಷರನ್ನು ಸೋಲಿಸಿದ ದೃಶ್ಯ. ಗಾಯಗೊಂಡ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿದ್ದಾನೆ.

"ಅಮ್ಮೀ, ಇಷ್ಟು ಹಳೆಯ ಚಿತ್ರ ಅಳಿಸಿಹೋಗಲಿಲ್ಲವೇ?" ಮಗಳು ಕೇಳಿದಳು.

ಅಳಿಸಿತ್ತು. ಶ್ರೀರಂಗಪಟ್ಟಣದ ಮುತ್ತಿಗೆಗೆ ಮುನ್ನ ಟಿಪ್ಪುವೇ ಅದನ್ನು ಅಳಿಸಿಸಿದ್ದರಂತೆ. 1799ರಲ್ಲಿ ಸುಲ್ತಾನರು ಹುತಾತ್ಮರಾದ ಬಳಿಕ ಇಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಮತ್ತೆ ಬರೆಸಿದರು. ಮುಂದೆ ಅದರ ಮೇಲೆ ಸುಣ್ಣ ಬಿತ್ತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲ ಚಿತ್ರ ನೆನಪಿದ್ದ ಸ್ಥಳೀಯ ಕಲಾವಿದನಿಂದ ಅದನ್ನು ಪುನಃ ಬರೆಸಿದರು. ತಮ್ಮವರ ಸೋಲಿನ ಚಿತ್ರವನ್ನು ಬ್ರಿಟಿಷರೇ ಎರಡು ಬಾರಿ ಉಳಿಸಿದರು!

ಮರಳುವ ದಾರಿಯಲ್ಲಿ ನಾನು ಮೌನವಾಗಿದ್ದೆ. ನಮ್ಮೂರಿನಲ್ಲೇ ಟಿಪ್ಪುವಿನ ಧರ್ಮಗುರುಗಳಾದ ಹಝ್ರತ್ ಅಕೀಲ್ ಶಾ ಖಾದ್ರಿಯವರ ಗೋರಿಯಿದೆ. ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೇನೆ. ಮಕ್ಕಳಿಗೆ ಒಮ್ಮೆಯೂ ಅದರ ಕಥೆ ಹೇಳಿರಲಿಲ್ಲ. ದರಿಯಾ ದೌಲತ್‌ನ ಗೋಡೆ ಉಳಿದದ್ದು ಒಬ್ಬ ಕಲಾವಿದನ ನೆನಪಿನಿಂದ. ಪರರು ಬಂದು ಉಳಿಸಲೆಂದು ನಾವು ಕಾಯಬೇಕೇ? ಹಿರಿಯರ ನೆನಪು ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಮಕ್ಕಳಿಗೆ ಒಪ್ಪಿಸುವ ಹೊಣೆ ಮನೆಯಿಂದಲೇ ಆರಂಭವಾಗಲಿ.