ಬಕೆಟ್‌ನಲ್ಲಿ ರಸ್ತೆ ದಾಟುವ ಕಪ್ಪೆಗಳು

ನಮ್ಮೂರಲ್ಲಿ ಮುಂಗಾರು ಮಳೆ ಬಿದ್ರೆ ಸಾಕು, ಕಪ್ಪೆಗಳ ವಟವಟ ಶುರು. ಜರ್ಮನಿಯ ನೆಲಗಪ್ಪೆಗಳಿಗೆ ಆ ಕಾಲ ಬರೋದು ಚಳಿಗಾಲ ಮುಗಿಯುವಾಗ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ರಾತ್ರಿಯ ತಾಪಮಾನ ಸುಮಾರು 5 ಡಿಗ್ರಿ ದಾಟಿ, ಮಳೆಯೂ ಬಿದ್ದರೆ, ಕಾಡಿನಲ್ಲಿ ಚಳಿನಿದ್ದೆ ಮುಗಿಸಿದ ಕಪ್ಪೆಗಳು ಮೊಟ್ಟೆಯಿಡಲು ಹೊರಡುತ್ತವೆ.

ಎಲ್ಲಿಗೆ? ಹೆಚ್ಚಿನವು ತಾವು ಹುಟ್ಟಿದ ಕೆರೆಗೇ. ನಡುವೆ ರಸ್ತೆ ಬಂದರೂ ದಾರಿ ಬದಲಿಸಲ್ಲ, ಸಮಸ್ಯೆ ಇರೋದೇ ಇಲ್ಲಿ. ನೆಲಗಪ್ಪೆಯದು ನಿಧಾನದ ನಡಿಗೆ; ಎಷ್ಟೋ ಹೆಣ್ಣುಗಳ ಬೆನ್ನ ಮೇಲೆ ಗಂಡು ಬೇರೆ ಕೂತಿರುತ್ತೆ. ಚಕ್ರ ತಾಗದಿದ್ದರೂ ಅಪಾಯ ತಪ್ಪಲ್ಲ. ವೇಗದ ಕಾರಿನಡಿ ಗಾಳಿಯ ಒತ್ತಡ ಥಟ್ಟನೆ ಬದಲಾಗಿ ಕಪ್ಪೆ ಸಾಯಬಹುದು. ಅದಕ್ಕೇ ಇಂಥ ಕಡೆ ಗಂಟೆಗೆ 30 ಕಿ.ಮೀ. ಮೀರಬೇಡಿ ಅಂತ ನಾಬು ಎಂಬ ಪರಿಸರ ಸಂಸ್ಥೆ ಚಾಲಕರನ್ನು ಕೇಳಿಕೊಳ್ಳುತ್ತೆ. ಒಂದು ಹೆಣ್ಣು ಸತ್ತರೆ ಸಾವಿರಾರು ಮೊಟ್ಟೆಗಳೂ ಹೋದಂತೆ.

ನಾಬು, ಬುಂಡ್‌ನಂಥ ಸಂಸ್ಥೆಗಳ ಸ್ವಯಂಸೇವಕರು ರಸ್ತೆಯಂಚಿಗೆ ತಗ್ಗು ಬೇಲಿ ಕಟ್ಟಿ, ಅದರುದ್ದಕ್ಕೂ ಬಕೆಟ್‌ಗಳನ್ನು ನೆಲಮಟ್ಟಕ್ಕೆ ಹೂಳುತ್ತಾರೆ. ಬೇಲಿಗುಂಟ ನಡೆದ ಕಪ್ಪೆ ಬಕೆಟ್‌ಗೆ ಬೀಳುತ್ತೆ. ಅವರು ಎಣಿಸಿ, ಜಾತಿ ಬರೆದುಕೊಂಡು, ರಸ್ತೆಯ ಆಚೆ ಬಿಡುತ್ತಾರೆ. ವಾರಗಟ್ಟಲೆ ಒಂದು ದಿನವೂ ತಪ್ಪಿಸುವಂತಿಲ್ಲ. ತಪ್ಪಿದರೆ ಬಕೆಟ್ಟೇ ಬೋನು!

ಈ ಎಣಿಕೆಯಿಂದ ಎಲ್ಲಿ ಎಷ್ಟು ಕಪ್ಪೆ ದಾಟುತ್ತವೆ ಅನ್ನೋದು ಗೊತ್ತಾಗುತ್ತೆ, ಕಾಯಂ ಸುರಂಗ ಬೇಕು ಅನ್ನೋದಕ್ಕೆ ಆಧಾರವೂ ಸಿಗುತ್ತೆ. ಯಾಕಂದ್ರೆ ಬೇಸಿಗೆಯಲ್ಲಿ ಉಗುರಿನಷ್ಟು ಮರಿಗಳು ಅದೇ ರಸ್ತೆ ದಾಟಿ ಕಾಡಿಗೆ ಮರಳಬೇಕು. ಆಗ ಬಕೆಟ್ ಹಿಡಿದು ಕಾಯೋರು ಅಲ್ಲಿರಲ್ಲ, ಸುರಂಗ ಇರುತ್ತೆ.