ಕಾಡಂಚಿನ ಬೆಟ್ಟದಲ್ಲಿ ಮೂರು ದಿನ: ಧ್ಯಾನಕೂಟ ಎಂದರೇನು?

ಹತ್ತು ಹನ್ನೆರಡು ಮಂದಿ ಸರಗೂರಿನ ಕಡೆ ಧ್ಯಾನಕೂಟಕ್ಕೆ ಹೊರಟರೆ, ಕಬಿನಿ ಹಿನ್ನೀರು ನೋಡಬಹುದೇ ಎಂದು ನಮ್ಮನ್ನು ಕೇಳುವವರಿದ್ದಾರೆ. ನೋಡಬಹುದು, ಆದರೆ ಧ್ಯಾನಕೂಟ ಮುಗಿದ ಮೇಲೆ.

ಪ್ರಭು ಯೇಸು ರೂಪಾಂತರದ ಬೆಟ್ಟಕ್ಕೆ ಕರೆದೊಯ್ದದ್ದು ಪೇತ್ರ, ಯಕೋಬ, ಯೊವಾನ್ನ ಎಂಬ ಮೂವರನ್ನು ಮಾತ್ರ. ಗುಂಪು ಚಿಕ್ಕದಾದಷ್ಟೂ ಮೌನ ಸುಲಭ. ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೆ 1548ರಲ್ಲಿ ಪೋಪ್ ಮೂರನೇ ಪೌಲರು ಅನುಮೋದನೆ ನೀಡಿದರು. ಅವು ನಾಲ್ಕು 'ವಾರ'ಗಳಲ್ಲಿ, ಸುಮಾರು 30 ದಿನ ನಡೆಯುತ್ತವೆ. ಮೂರೇ ದಿನವಿದ್ದಾಗ ಎಲ್ಲವನ್ನೂ ತುರುಕಬಾರದು. ಮೊದಲ ವಾರದ ವಿಷಯ, ಅಂದರೆ ನಮ್ಮ ಪಾಪ ಮತ್ತು ದೇವರ ಕರುಣೆ, ಸಾಕು. ದಿನಕ್ಕೆರಡು ಪ್ರಬೋಧನೆ, ಬಲಿಪೂಜೆ, ಪಾಪನಿವೇದನೆ, ಉಳಿದದ್ದೆಲ್ಲ ಮೌನ. ಊಟಕ್ಕೆ ಕುಳಿತಾಗಲೂ ಮಾತಿಲ್ಲ (ನಮ್ಮ ಕರಾವಳಿಯವರಿಗೆ ಇದೇ ಕಷ್ಟ!).

ಸರಗೂರಿನ ಆಸುಪಾಸು ಬಂಡೀಪುರ, ನಾಗರಹೊಳೆ ಕಾಡುಗಳಿವೆ. 2025ರ ಕೊನೆಯ ತಿಂಗಳುಗಳಲ್ಲಿ ಈ ತಾಲ್ಲೂಕಿನ ರೈತರು ಹುಲಿ ದಾಳಿಗೆ ಬಲಿಯಾದರು. ಸರ್ಕಾರ ಸಫಾರಿಯನ್ನೇ ನಿಲ್ಲಿಸಬೇಕಾಯಿತು. ನಾವು ಧ್ಯಾನಕ್ಕೆ ಹುಡುಕಿಕೊಂಡು ಹೋಗುವ ಸಂಜೆಯ ನಿಶ್ಶಬ್ದದಲ್ಲಿ ಅಲ್ಲಿಯ ರೈತ ಹೊಲದಿಂದ ಅವಸರದಲ್ಲಿ ಮನೆ ಸೇರುತ್ತಾನೆ. ಆದ್ದರಿಂದ ಕತ್ತಲಾದ ಮೇಲೆ ಜಪಸರ ಹಿಡಿದು ಹೊರಗೆ ಅಡ್ಡಾಡಬೇಡಿ. ವಿಶ್ವಾಸಿಗಳ ಬಿನ್ನಹಗಳಲ್ಲಿ ಆ ಮನೆಗಳವರನ್ನೂ ಸೇರಿಸಿಕೊಳ್ಳಿ.